ಮೂರು ಸೆಕೆಂಡಿನ ಓಟ: ವೇಗದ ಎಲೆಕ್ಟ್ರಿಕ್ ಕಾರು ಹಸಿರು ಸಾರಿಗೆಗೆ ನೆರವೋ, ಅಡ್ಡಿಯೋ?



ಇವತ್ತಿನ ಮಾತು ವಿಶೇಷವಾಗಿ ನಿಮಗೆ, ಅಂದರೆ ಇಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡಿ, ಹೊರಗೆ ಇಂಗ್ಲಿಷಿನಲ್ಲಿ ಯೋಚನೆ ಮಾಡುವ ನಿಮ್ಮ ತಲೆಮಾರಿಗೆ. ಕನ್ನಡ ಓದುವುದು ಸ್ವಲ್ಪ ನಿಧಾನವಾದರೂ ಪರವಾಗಿಲ್ಲ, ನಿಧಾನವಾಗಿಯೇ ಓದಿ. ಇವತ್ತಿನ ವಿಷಯ ಮಾತ್ರ ವೇಗದ್ದು.

ಹೋದ ಯುಗಾದಿ ಹಬ್ಬಕ್ಕೆ ಇಲ್ಲಿ ಬೇ ಏರಿಯಾದಲ್ಲಿ ನಮ್ಮವರೆಲ್ಲ ಒಂದು ಶಾಲೆಯ ಸಭಾಂಗಣದಲ್ಲಿ ಸೇರಿದ್ದೆವು. ಒಬ್ಬಟ್ಟಿನ ಊಟ ಮುಗಿಸಿ ಹೊರಗೆ ಬಂದಾಗ ಪಾರ್ಕಿಂಗ್ ಜಾಗದಲ್ಲಿ ನಿಂತು ಕಾರುಗಳನ್ನು ಎಣಿಸಿದೆ. ಅರ್ಧಕ್ಕಿಂತ ಹೆಚ್ಚು ಎಲೆಕ್ಟ್ರಿಕ್! ಮನಸ್ಸಿಗೆ ಖುಷಿಯಾಯಿತು. ಪಕ್ಕದಲ್ಲೇ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನಿಂತಿದ್ದಳು. ನನ್ನ ಖುಷಿ ನೋಡಿ ಕೇಳಿದಳು: "ಅಂಕಲ್, ನಮ್ಮ ಅಪಾರ್ಟ್‌ಮೆಂಟಿನಿಂದಲೇ ನಾಲ್ಕು ಮನೆಯವರು ಬಂದಿದ್ದೀವಿ. ನಾಲ್ಕೂ ಮನೆ ಬೇರೆ ಬೇರೆ ಕಾರಲ್ಲಿ ಬಂದಿದೆ. ಅದರಲ್ಲಿ ಒಂದು ಕಾರು ಮೂರು ಸೆಕೆಂಡಲ್ಲಿ ಅರವತ್ತು ಮೈಲಿ ವೇಗ ಮುಟ್ಟುತ್ತೆ. ಇದು ನಿಜವಾಗಲೂ ಭೂಮಿಗೆ ಒಳ್ಳೇದಾ, ಇಲ್ಲಾ ನಮ್ಮ ಮನಸ್ಸಿಗೆ ಮಾತ್ರ ಒಳ್ಳೇದಾ?"

ನಾನು ನಕ್ಕು ಸುಮ್ಮನಾದೆ. ಯಾಕೆಂದರೆ ಆ ಮೂರು ಸೆಕೆಂಡಿನ ಕಾರು ನನ್ನದೇ.

ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ಕೊಡುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಎಲೆಕ್ಟ್ರಿಕ್ ಕಾರು ಹೊಸದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ದಾಟಿದ ಕಾರು ಪೆಟ್ರೋಲ್ ಕಾರಲ್ಲ, ಎಲೆಕ್ಟ್ರಿಕ್ ಕಾರು. 1899ರ ಏಪ್ರಿಲ್ 29ರಂದು ಪ್ಯಾರಿಸ್ ಹತ್ತಿರದ ಅಶೇರ್ ಎಂಬಲ್ಲಿ ಕಾಮಿಲ್ ಝೆನಾಟ್ಜಿ ಎಂಬ ಬೆಲ್ಜಿಯಂ ದೇಶದವನು ಗುಂಡಿನ ಆಕಾರದ ಕಾರಿನಲ್ಲಿ ಕುಳಿತು 105 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಿಸಿದ. ಆ ಕಾರಿಗೆ ಅವನು ಇಟ್ಟ ಹೆಸರು 'ಲಾ ಜಾಮೆ ಕೊಂತಾಂತ್'. ಕನ್ನಡದಲ್ಲಿ ಹೇಳಬೇಕೆಂದರೆ 'ಎಂದೂ ತೃಪ್ತಿಯಾಗದವಳು'. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಆಮೇಲೆ ಏನಾಯಿತು? ಪೆಟ್ರೋಲ್ ಅಗ್ಗವಾಯಿತು. ಹ್ಯಾಂಡಲ್ ಹಾಕಿ ತಿರುಗಿಸಿ ಇಂಜಿನ್ ಶುರು ಮಾಡುವ ಕಷ್ಟ ತಪ್ಪಿಸಲು 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ವಿಚಿತ್ರ ನೋಡಿ, ಒಂದು ಪುಟ್ಟ ಎಲೆಕ್ಟ್ರಿಕ್ ಮೋಟರೇ ಎಲೆಕ್ಟ್ರಿಕ್ ಕಾರನ್ನು ಮೂಲೆಗೆ ತಳ್ಳಲು ನೆರವಾಯಿತು. ಮುಂದೆ ಹಲವು ದಶಕ ಎಲೆಕ್ಟ್ರಿಕ್ ಎಂದರೆ ಗಾಲ್ಫ್ ಮೈದಾನದ ಗಾಡಿ ಎನ್ನುವಂತಾಯಿತು.

ಈಗ ನಮ್ಮ ಬೆಂಗಳೂರಿಗೆ ಬರೋಣ. 2001ರಲ್ಲಿ ಬೊಮ್ಮಸಂದ್ರದ ಕಾರ್ಖಾನೆಯಿಂದ ಒಂದು ಪುಟಾಣಿ ಕಾರು ಹೊರಬಂತು. ಹೆಸರು ರೇವಾ. ಅದನ್ನು ಕಟ್ಟಿದವರು ಚೇತನ್ ಮೈನಿ, ನಿಮ್ಮ ಹಾಗೆಯೇ ಅಮೆರಿಕದ ಕಾಲೇಜಿನಲ್ಲಿ ಓದಿದವರು, ಮಿಶಿಗನ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದವರು. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಆ ಕಾಲದಲ್ಲಿ ಜಯನಗರ, ಮಲ್ಲೇಶ್ವರದ ರಸ್ತೆಗಳಲ್ಲಿ ಆಟಿಕೆಯಂತೆ ಓಡುತ್ತಿದ್ದ ರೇವಾ ಅವರಿಗೆ ಖಂಡಿತ ನೆನಪಿರುತ್ತದೆ. ಎರಡು ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಬ್ಯಾಟರಿ ಸೇರಿ ತೂಕ ಸುಮಾರು 700 ಕಿಲೋ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ವೇಗವೂ ಗಂಟೆಗೆ ಅಷ್ಟೇ.

ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ಅಲ್ಲಿ 2003ರಿಂದ ನಗರದ ಮಧ್ಯಭಾಗಕ್ಕೆ ಕಾರು ತರುವವರು ದಿನವೂ ಶುಲ್ಕ ಕೊಡಬೇಕಿತ್ತು. ಎಲೆಕ್ಟ್ರಿಕ್ ಕಾರಿಗೆ ಅದು ಮಾಫಿ. ಹಾಗಾಗಿ ಲಂಡನ್ನಿನ ಗಲ್ಲಿಗಳಲ್ಲಿ ಬೊಮ್ಮಸಂದ್ರದ ಕಾರು ಓಡಾಡಿತು. ಆದರೆ ಗೇಲಿ ಮಾಡಿದವರೇ ಹೆಚ್ಚು. ಬ್ರಿಟನ್ನಿನ ಕಾರು ಪತ್ರಕರ್ತರಿಗೆ ಅದು ನಗೆಯ ಸರಕಾಯಿತು. ಕಾನೂನಿನ ಪ್ರಕಾರ ಅದು ಪೂರ್ಣ ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ಹಗುರ ವರ್ಗದ ವಾಹನ. ಆದ್ದರಿಂದ ಅಪಘಾತದಲ್ಲಿ ಒಳಗಿದ್ದವರಿಗೆ ಎಷ್ಟು ರಕ್ಷಣೆ ಎಂಬ ಪ್ರಶ್ನೆಯೂ ಎದ್ದಿತು, ಅದು ನ್ಯಾಯವಾದ ಪ್ರಶ್ನೆಯೇ. ಕೊನೆಗೆ 2010ರಲ್ಲಿ ಮಹೀಂದ್ರಾ ಕಂಪನಿ ರೇವಾವನ್ನು ಕೊಂಡಿತು. ಮಾರಾಟವಾದದ್ದು ಕೆಲವೇ ಸಾವಿರ.

ಈ ಕಥೆ ನಡೆಯುತ್ತಿದ್ದಾಗಲೇ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕಥೆ ಶುರುವಾಯಿತು. 2006ರಲ್ಲಿ ಟೆಸ್ಲಾ ತನ್ನ ಯೋಜನೆಯನ್ನು ಬಹಿರಂಗವಾಗಿಯೇ ಬರೆಯಿತು: ಮೊದಲು ದುಬಾರಿ ಸ್ಪೋರ್ಟ್ಸ್ ಕಾರು ಮಾಡುತ್ತೇವೆ, ಆ ಹಣದಿಂದ ಅದಕ್ಕಿಂತ ಅಗ್ಗದ ಕಾರು, ಅದರ ಹಣದಿಂದ ಇನ್ನೂ ಅಗ್ಗದ ಕಾರು. 2008ರಲ್ಲಿ ರೋಡ್‌ಸ್ಟರ್ ಬಂತು. ಲ್ಯಾಪ್‌ಟಾಪಿನಲ್ಲಿ ಇರುವಂತಹ ಪುಟ್ಟ ಸೆಲ್‌ಗಳು 6,831 ಸೇರಿಸಿ ಕಟ್ಟಿದ ಬ್ಯಾಟರಿ. ನಾಲ್ಕು ಸೆಕೆಂಡಿನೊಳಗೆ ಅರವತ್ತು ಮೈಲಿ ವೇಗ. ಒಮ್ಮೆ ಚಾರ್ಜ್ ಮಾಡಿದರೆ 244 ಮೈಲಿ. ಬೆಲೆ ಒಂದು ಲಕ್ಷ ಡಾಲರ್ ಆಸುಪಾಸು. ಮಾರಿದ್ದು ಸುಮಾರು 2,450 ಮಾತ್ರ.

ಗಮನಿಸಿ, ರೇವಾ ಮಾರಿದ್ದೂ ಕೆಲವೇ ಸಾವಿರ, ರೋಡ್‌ಸ್ಟರ್ ಮಾರಿದ್ದೂ ಕೆಲವೇ ಸಾವಿರ. ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ರೇವಾ ನೋಡಿದವರು "ಪಾಪ" ಎಂದರು. ರೋಡ್‌ಸ್ಟರ್ ನೋಡಿದವರು "ನನಗೂ ಬೇಕು" ಎಂದರು. ಜನರಲ್ ಮೋಟಾರ್ಸ್‌ನ ಉಪಾಧ್ಯಕ್ಷರಾಗಿದ್ದ ಬಾಬ್ ಲುಟ್ಜ್, ಟೆಸ್ಲಾದ ಸುದ್ದಿಯೇ ತಮ್ಮ ಕಂಪನಿ ವೋಲ್ಟ್ ಕಾರು ಮಾಡಲು ಚುರುಕು ಮುಟ್ಟಿಸಿತು ಎಂದು ಒಪ್ಪಿಕೊಂಡಿದ್ದರು. 2012ರಲ್ಲಿ ಮಾಡೆಲ್ ಎಸ್, 2017ರಲ್ಲಿ ಮಾಡೆಲ್ 3 ಬಂದವು. 2023ರಲ್ಲಿ ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಮಾಡೆಲ್ ವೈ, ಪೆಟ್ರೋಲ್ ಕಾರುಗಳನ್ನೂ ಸೇರಿಸಿ.

ಆದ್ದರಿಂದ ಮೊದಲ ಉತ್ತರ: ಹೌದು, ವೇಗದ ಎಲೆಕ್ಟ್ರಿಕ್ ಕಾರು ನೆರವಾಯಿತು, ಚೆನ್ನಾಗಿಯೇ ನೆರವಾಯಿತು. ಪರಿಸರಕ್ಕಾಗಿ ಏನನ್ನಾದರೂ ಬಿಟ್ಟುಕೊಡಿ ಎಂದು ಕೇಳಿದಾಗ ಜನ ಬರಲಿಲ್ಲ. ಇದು ಪೆಟ್ರೋಲ್ ಕಾರಿಗಿಂತ ಚೆನ್ನಾಗಿದೆ ಎಂದು ತೋರಿಸಿದಾಗ ಬಂದರು. ಮನುಷ್ಯರ ಸ್ವಭಾವ ಅದು, ಬೈದು ಪ್ರಯೋಜನವಿಲ್ಲ.

ಇನ್ನೊಂದು ಮಾತನ್ನೂ ವೇಗದ ಕಾರಿನ ಪರವಾಗಿ ಹೇಳಲೇಬೇಕು. ಪೆಟ್ರೋಲ್ ಕಾರಿನಲ್ಲಿ ಶಕ್ತಿ ಹೆಚ್ಚಾದರೆ ಇಂಧನವೂ ಹೆಚ್ಚು ಬೇಕು. ಬುಗಾಟಿ ಶಿರಾನ್ ಎಂಬ 1,500 ಅಶ್ವಶಕ್ತಿಯ ಕಾರು ಒಂದು ಗ್ಯಾಲನ್ ಪೆಟ್ರೋಲಿಗೆ ಸರಾಸರಿ 11 ಮೈಲಿ ಓಡುತ್ತದೆ. ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಿದ್ದರೂ ಆ ದೊಡ್ಡ ಇಂಜಿನ್ ಕುಡಿಯುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಮೋಟರು ಹಾಗಲ್ಲ. ಬೇಕಾದಾಗ ಮಾತ್ರ ಎಳೆದುಕೊಳ್ಳುತ್ತದೆ, ಬ್ರೇಕ್ ಹಾಕಿದಾಗ ಸ್ವಲ್ಪ ಹಿಂದಕ್ಕೂ ಕೊಡುತ್ತದೆ.

ಇಲ್ಲಿ ಒಂದು ಅಳತೆ ಬೇಕು. ಊರಿನಲ್ಲಿ ನಿಮ್ಮ ಅಜ್ಜಿ "ಈ ತಿಂಗಳು ಕರೆಂಟು ನೂರು ಯೂನಿಟ್ ಆಯಿತು" ಅನ್ನುತ್ತಾರಲ್ಲ, ಆ ಯೂನಿಟ್ ಎಂದರೆ ಒಂದು ಕಿಲೊವ್ಯಾಟ್ ಅವರ್. ಅಜ್ಜಿಯ ಅಳತೆಯನ್ನೇ ಇಟ್ಟುಕೊಳ್ಳೋಣ. 2021ರ ಮಾಡೆಲ್ ಎಸ್ ಪ್ಲೇಡ್ ಎಂಬ ಕಾರಿಗೆ 1,020 ಅಶ್ವಶಕ್ತಿ. ಸರ್ಕಾರಿ ಪರೀಕ್ಷೆಯಲ್ಲಿ ಅದು 100 ಮೈಲಿಗೆ ಸುಮಾರು 28 ಯೂನಿಟ್ ತೆಗೆದುಕೊಂಡಿತು. ಅದಕ್ಕಿಂತ ಕಡಿಮೆ ಶಕ್ತಿಯ ಸಾಮಾನ್ಯ ಮಾಡೆಲ್ ಎಸ್ ತೆಗೆದುಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದೇ ಪ್ಲೇಡ್ ಕಾರಿಗೆ 19 ಇಂಚಿನ ಬದಲು ನೋಡಲು ಚಂದ ಎಂದು 21 ಇಂಚಿನ ಚಕ್ರ ಹಾಕಿಸಿದರೆ 28 ಹೋಗಿ 33 ಆಗುತ್ತದೆ.

ಇದರ ಅರ್ಥ ಏನು? ಮೋಟರಿನ ಶಕ್ತಿ ಒಂದರಿಂದಲೇ ದೊಡ್ಡ ನಷ್ಟವಿಲ್ಲ. ನಷ್ಟ ಬರುವುದು ಅದರ ಜೊತೆಗೆ ನಾವು ಕಟ್ಟಿಕೊಳ್ಳುವ ಸಾಮಾನುಗಳಿಂದ: ದೊಡ್ಡ ಚಕ್ರ, ಅಗಲ ಟೈರು, ಎತ್ತರದ ಮೈ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ತೂಕ.

ಇನ್ನು ಅಡ್ಡಿಯ ಕಡೆಗೆ ಬರೋಣ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು.

ಜಿಎಂಸಿ ಹಮ್ಮರ್ ಇವಿ ಎಂಬ ಪಿಕಪ್ ಟ್ರಕ್ ನೀವು ನೋಡಿರಬಹುದು. 1,000 ಅಶ್ವಶಕ್ತಿ. ಸುಮಾರು ಮೂರು ಸೆಕೆಂಡಿನಲ್ಲಿ ಅರವತ್ತು ಮೈಲಿ ವೇಗ. ತೂಕ 9,000 ಪೌಂಡಿಗೂ ಹೆಚ್ಚು, ಅಂದರೆ ನಾಲ್ಕು ಟನ್ನು ದಾಟುತ್ತದೆ. 2023ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಇದನ್ನೇ ಉದಾಹರಣೆ ಕೊಟ್ಟು ಎಚ್ಚರಿಸಿದರು: ಈ ವಾಹನದ ಬ್ಯಾಟರಿಯ ತೂಕವೇ ಸುಮಾರು 2,900 ಪೌಂಡು, ಒಂದು ಇಡೀ ಹೋಂಡಾ ಸಿವಿಕ್ ಕಾರಿನ ತೂಕದಷ್ಟು.

ಆ ಬ್ಯಾಟರಿಯಲ್ಲಿ 200 ಯೂನಿಟ್ಟಿಗೂ ಹೆಚ್ಚು ಕರೆಂಟು ತುಂಬುತ್ತದೆ. ಇನ್ನೂರು ಎಂದೇ ಇಟ್ಟುಕೊಳ್ಳಿ. ನಿಸ್ಸಾನ್ ಲೀಫ್ ಎಂಬ ಸಾಧಾರಣ ಕಾರಿನ ಚಿಕ್ಕ ಬ್ಯಾಟರಿ 40 ಯೂನಿಟ್ಟಿನದಾಗಿತ್ತು. ಅಂದರೆ ಒಂದು ಹಮ್ಮರಿನ ಬ್ಯಾಟರಿಯಲ್ಲಿ ಐದು ಲೀಫ್ ಕಾರು ಓಡಬಹುದಿತ್ತು. ನಮ್ಮ ರೇವಾದಲ್ಲಿ ಇದ್ದದ್ದು ಸೀಸದ ಬ್ಯಾಟರಿ, ಸುಮಾರು 10 ಯೂನಿಟ್. ಅಷ್ಟೇ ಯೂನಿಟ್ ಲೆಕ್ಕ ಹಿಡಿದರೆ ಇಪ್ಪತ್ತು ರೇವಾ. ಬೆಂಗಳೂರಿನಲ್ಲಿ ಓಡುವ ಒಂದು ಎಲೆಕ್ಟ್ರಿಕ್ ಸ್ಕೂಟರಿಗೆ ಸುಮಾರು 3 ಯೂನಿಟ್ ಸಾಕು, ಆಗ ಅರವತ್ತಾರು ಸ್ಕೂಟರು. ಎಲೆಕ್ಟ್ರಿಕ್ ಸೈಕಲ್ಲಿಗೆ ಅರ್ಧ ಯೂನಿಟ್ ಸಾಕು, ಆಗ ನಾನೂರು ಸೈಕಲ್ಲು. ಇಷ್ಟೆಲ್ಲವನ್ನೂ ಹೊತ್ತುಕೊಂಡು ಆ ಹಮ್ಮರ್ ಹೋಗುವುದೆಲ್ಲಿಗೆ? ಹೆಚ್ಚಿನ ದಿನ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ಹಾಲು ತರಲು ಅಂಗಡಿಗೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ನಮ್ಮ ಹಿರಿಯರು ಹೇಳುವುದು ಇದಕ್ಕೇ.

ಬ್ಯಾಟರಿ ಗಾಳಿಯಲ್ಲಿ ಬೆಳೆಯುವುದಿಲ್ಲ. ಲಿಥಿಯಂ, ನಿಕ್ಕಲ್, ಗ್ರಾಫೈಟ್ ನೆಲದಿಂದ ತೆಗೆಯಬೇಕು, ಬಿಸಿ ಮಾಡಬೇಕು, ಶುದ್ಧ ಮಾಡಬೇಕು. ಸ್ವೀಡನ್ನಿನ ಐವಿಎಲ್ ಸಂಶೋಧನಾ ಸಂಸ್ಥೆ 2019ರಲ್ಲಿ ಕೊಟ್ಟ ಅಂದಾಜಿನಂತೆ ಒಂದು ಯೂನಿಟ್ ಸಾಮರ್ಥ್ಯದ ಬ್ಯಾಟರಿ ಮಾಡಲು 61ರಿಂದ 106 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಗಾಳಿಗೆ ಸೇರುತ್ತದೆ. ನಡುವಿನ 80 ಕಿಲೋ ಹಿಡಿಯಿರಿ. 40 ಯೂನಿಟ್ಟಿನ ಬ್ಯಾಟರಿಗೆ 3.2 ಟನ್. 200 ಯೂನಿಟ್ಟಿನದಕ್ಕೆ 16 ಟನ್. ಒಂದು ಗ್ಯಾಲನ್ ಪೆಟ್ರೋಲ್ ಉರಿಸಿದರೆ ಸುಮಾರು 8.9 ಕಿಲೋ ಬರುತ್ತದೆ. ಗ್ಯಾಲನ್ನಿಗೆ 30 ಮೈಲಿ ಓಡುವ ಪೆಟ್ರೋಲ್ ಕಾರನ್ನು ವರ್ಷಕ್ಕೆ 12,000 ಮೈಲಿ ಓಡಿಸಿದರೆ 400 ಗ್ಯಾಲನ್. ಹಾಗಾದರೆ ಚಿಕ್ಕ ಬ್ಯಾಟರಿಯ ಸಾಲ ಆ ಪೆಟ್ರೋಲ್ ಕಾರಿನ ಒಂದು ವರ್ಷದ ಹೊಗೆಗಿಂತ ಕಡಿಮೆ. ದೊಡ್ಡ ಬ್ಯಾಟರಿಯ ಸಾಲ ಅದೇ ಕಾರಿನ ನಾಲ್ಕೂವರೆ ವರ್ಷದ ಹೊಗೆ. ಆ ಹಮ್ಮರ್ ಮನೆಯ ಮುಂದೆ ಬಂದು ನಿಲ್ಲುವ ಮೊದಲೇ, ಒಂದು ಮೈಲಿ ಓಡುವ ಮೊದಲೇ ಇಷ್ಟು ಸಾಲ.

ಸಾಲ ತೀರಿಸುವ ವೇಗವೂ ಕಡಿಮೆ. ಒಮ್ಮೆ ತುಂಬಿಸಿದರೆ ಅದು 329 ಮೈಲಿ ಹೋಗುತ್ತದೆ, ಅಂದರೆ 100 ಮೈಲಿಗೆ 60 ಯೂನಿಟ್ಟಿಗೂ ಹೆಚ್ಚು. ಆಗಲೇ ಹೇಳಿದ 1,020 ಅಶ್ವಶಕ್ತಿಯ ಕಾರಿಗಿಂತ ಎರಡು ಪಟ್ಟು! ಎರಡೂ ವೇಗದ ವಾಹನಗಳೇ. ಆದರೆ ಒಂದು ಗಾಳಿಯನ್ನು ಸೀಳುತ್ತದೆ, ಇನ್ನೊಂದು ಗಾಳಿಯ ಜೊತೆ ಗುದ್ದಾಡುತ್ತದೆ.

ಇನ್ನೊಂದು ವಿಷಯ ಟೈರಿನದು. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ, ಯಾವ ಕಂಪನಿ ಎನ್ನುವುದು ಬೇಡ. ನನ್ನ ಕಾರಿನ ಮೊದಲ ಜೊತೆ ಟೈರು 19 ಸಾವಿರ ಮೈಲಿಗೇ ಸವೆದುಹೋಯಿತು. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಅದರ ಎರಡು ಪಟ್ಟು ಬರುತ್ತಿತ್ತು. ಟೈರು ಬದಲಾಯಿಸಿದವನು, "ಭಾರದ ಕಾರು, ಮೃದುವಾದ ರಬ್ಬರು, ಬಲವಾದ ಎಳೆತ, ಇನ್ನೇನಾಗುತ್ತೆ ಸಾರ್" ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ನಕ್ಕ. ಸವೆದ ರಬ್ಬರು ಎಲ್ಲಿ ಹೋಯಿತು? ರಸ್ತೆಗೆ, ಮಳೆ ನೀರಿನ ಜೊತೆ ಹಳ್ಳಕ್ಕೆ. ಸಿಯಾಟಲ್ ಸುತ್ತಮುತ್ತಲ ಹಳ್ಳಗಳಲ್ಲಿ ಮೊಟ್ಟೆ ಇಡಲು ಬರುವ ಕೋಹೋ ಸಾಲ್ಮನ್ ಮೀನುಗಳು ಮಳೆ ಬಂದ ತಕ್ಷಣ ಸಾಯುತ್ತಿದ್ದವು. ಯಾಕೆಂದು ವರ್ಷಗಟ್ಟಲೆ ಗೊತ್ತಾಗಿರಲಿಲ್ಲ. 2020ರ ಕೊನೆಯಲ್ಲಿ ವಾಷಿಂಗ್ಟನ್‌ನ ಸಂಶೋಧಕರು ಕಾರಣ ಕಂಡುಹಿಡಿದರು. ಟೈರು ಬಿರುಕು ಬಿಡದಿರಲಿ ಎಂದು ಬೆರೆಸುವ ಒಂದು ರಾಸಾಯನಿಕ ಗಾಳಿಯಲ್ಲಿನ ಓಝೋನ್ ಜೊತೆ ಸೇರಿ ವಿಷವಾಗುತ್ತಿತ್ತು. ಇದು ಪೆಟ್ರೋಲ್ ಕಾರಿನ ಟೈರಿನಲ್ಲೂ ಇದೆ, ಎಲೆಕ್ಟ್ರಿಕ್ ಕಾರಿನ ಟೈರಿನಲ್ಲೂ ಇದೆ. ನನ್ನ ಕಾರಿಗೆ ಹೊಗೆ ಕೊಳವೆ ಇಲ್ಲ ಎಂದು ನಾನು ಜಂಬ ಪಡುತ್ತಿದ್ದೆ. ಟೈರು ನಾಲ್ಕಿವೆ ಎನ್ನುವುದು ಮರೆತೇಹೋಗಿತ್ತು.

ಮೂರನೆಯದು, ಜೀವದ ಮಾತು. 2022ರಲ್ಲಿ ಅಮೆರಿಕದಲ್ಲಿ ವಾಹನ ಬಡಿದು ಸತ್ತ ಪಾದಚಾರಿಗಳು 7,500ಕ್ಕೂ ಹೆಚ್ಚು. ನಲವತ್ತು ವರ್ಷಗಳಲ್ಲೇ ಅತಿ ಹೆಚ್ಚು. ಇದಕ್ಕೆ ಎಲೆಕ್ಟ್ರಿಕ್ ಕಾರು ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಭಾರದ, ಎತ್ತರದ ವಾಹನಗಳು ಹೆಚ್ಚುತ್ತಿರುವ ರಸ್ತೆಯಲ್ಲಿ, ಮೂರು ಸೆಕೆಂಡಿನಲ್ಲಿ ಚಿಮ್ಮುವ ನಾಲ್ಕು ಟನ್ನಿನ ವಸ್ತುವನ್ನು ಈಗಷ್ಟೇ ಲೈಸೆನ್ಸ್ ಪಡೆದ ಹದಿನೆಂಟು ವರ್ಷದವರ ಕೈಗೆ ಕೊಡುವುದು ಸರಿಯೇ? ಈ ಪ್ರಶ್ನೆ ನಿಮಗಲ್ಲ, ನಿಮ್ಮ ಅಪ್ಪ ಅಮ್ಮನಿಗೆ. ಇದೊಂದು ಪ್ಯಾರಾವನ್ನು ಅವರಿಗೆ ಓದಿ ಹೇಳಿ.

ನಾಲ್ಕನೆಯದು ಹಣದ ಮಾತು. ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾದ ಅಡ್ಡಿ ಎನ್ನಿಸುತ್ತದೆ. ಕಂಪನಿಗೆ ದೊಡ್ಡ ಕಾರಿನಲ್ಲಿ ಲಾಭ ಹೆಚ್ಚು, ಚಿಕ್ಕ ಕಾರಿನಲ್ಲಿ ಕಡಿಮೆ. ಶೆವ್ರೊಲೆ ಬೋಲ್ಟ್ ಎಂಬ ಚಿಕ್ಕ, ಕೈಗೆಟುಕುವ ಬೆಲೆಯ ಎಲೆಕ್ಟ್ರಿಕ್ ಕಾರು ಚೆನ್ನಾಗಿ ಮಾರಾಟವಾಗುತ್ತಿತ್ತು. 2023ರ ಕೊನೆಗೆ ಅದನ್ನು ನಿಲ್ಲಿಸಿದರು. ಆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಪಿಕಪ್ ಟ್ರಕ್ ಮಾಡುವುದು ಆಗಿನ ಯೋಜನೆ. ಜನ ಕೇಳಿದ ಮೇಲೆ ಬೋಲ್ಟ್ ಮತ್ತೆ ಬರುತ್ತದೆ ಎಂದು ಹೇಳಿದರು ಬಿಡಿ. ಸರ್ಕಾರವೂ ದೊಡ್ಡದಕ್ಕೇ ಬೆನ್ನು ತಟ್ಟಿತು. 2022ರ ಕಾನೂನಿನಂತೆ ಎಲೆಕ್ಟ್ರಿಕ್ ಕಾರಿಗೆ 7,500 ಡಾಲರ್ ತನಕ ತೆರಿಗೆ ರಿಯಾಯಿತಿ ಇತ್ತು, 2025ರ ಸೆಪ್ಟೆಂಬರ್ ಕೊನೆಗೆ ಅದು ನಿಂತಿತು. ಅದಕ್ಕೆ ಬೆಲೆಯ ಮಿತಿ ಏನು ಗೊತ್ತೇ? ಸಾಮಾನ್ಯ ಕಾರಾದರೆ 55,000 ಡಾಲರ್. ಎಸ್‌ಯುವಿ, ಪಿಕಪ್ ಆದರೆ 80,000 ಡಾಲರ್. ಎಲೆಕ್ಟ್ರಿಕ್ ಸೈಕಲ್ಲಿಗೆ? ಅಲ್ಲಿ ಏನೂ ಇರಲಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ಹಾಗೆ ಹಸಿರೂ ಬೇಕು, ದೊಡ್ಡದೂ ಬೇಕು.

ಹಾಗಂತ ಎಲ್ಲ ದೇಶವೂ ಕಣ್ಣು ಮುಚ್ಚಿ ಕುಳಿತಿಲ್ಲ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್. ಅಷ್ಟು ಮುಂದೆ ಹೋದ ದೇಶವೇ 2023ರಿಂದ ಎಲೆಕ್ಟ್ರಿಕ್ ಕಾರಿಗೂ ತೂಕದ ತೆರಿಗೆ ಹಾಕಿತು. 500 ಕಿಲೋ ಮೀರಿದ ಪ್ರತಿ ಕಿಲೋಗೂ ಹಣ ಕೊಡಬೇಕು, 2023ರಲ್ಲಿ ಐದು ಲಕ್ಷ ಕ್ರೋನರ್ ಮೀರಿದ ಬೆಲೆಗೆ ಮಾರಾಟ ತೆರಿಗೆಯನ್ನೂ ಕೊಡಬೇಕಿತ್ತು. ಪ್ಯಾರಿಸ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಜನರನ್ನೇ ಕೇಳಿದರು. ಭಾರದ ಕಾರುಗಳಿಗೆ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಆಗಲಿ ಎಂದು ಹೆಚ್ಚಿನವರು ಮತ ಹಾಕಿದರು. ಹೊರಗಿನಿಂದ ಬರುವವರು ನಗರದ ಮಧ್ಯೆ ಗಂಟೆಗೆ 18 ಯೂರೋ ಕೊಡಬೇಕು. ಎರಡು ಟನ್ನು ದಾಟಿದ ಎಲೆಕ್ಟ್ರಿಕ್ ಕಾರಿಗೂ ವಿನಾಯಿತಿ ಇಲ್ಲ. "ಎಲೆಕ್ಟ್ರಿಕ್ ಆದರೆ ಸಾಕು" ಎನ್ನುವ ಕಾಲ ಅಲ್ಲಿ ಮುಗಿಯಿತು, "ಎಷ್ಟು ದೊಡ್ಡ ಎಲೆಕ್ಟ್ರಿಕ್" ಎಂದು ಕೇಳುವ ಕಾಲ ಬಂತು.

ಈಗ ಮತ್ತೆ ಬೆಂಗಳೂರಿನ ಮಾತು. ಮುಂದಿನ ಸಲ ಅಜ್ಜಿ ಮನೆಗೆ ಹೋದಾಗ ರಸ್ತೆ ನೋಡಿ. ಆ ಊರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸ್ಕೂಟರು, ಬೈಕು. ಅಲ್ಲಿ ಹಸಿರು ಸಾರಿಗೆಯ ಭವಿಷ್ಯ ನಿಂತಿರುವುದು ಕಾರಿನ ಮೇಲಲ್ಲ. ಅಲ್ಲಿಯೂ ಟೆಸ್ಲಾದ ಕಥೆಯೇ ಚಿಕ್ಕ ಆಕಾರದಲ್ಲಿ ನಡೆಯಿತು. ಏಥರ್ ಎಂಬ ಕಂಪನಿ 2018ರಲ್ಲಿ ಬೆಂಗಳೂರಿನಲ್ಲಿ ತನ್ನ ಮೊದಲ ಸ್ಕೂಟರನ್ನು ಮಾರಲು ಶುರು ಮಾಡಿದಾಗ ಅದು ದುಬಾರಿ, ಚುರುಕು, ಹುಡುಗರು ಆಸೆ ಪಡುವ ಸ್ಕೂಟರು. ಆರು ವರ್ಷ ಕಳೆದು 2024ರಲ್ಲಿ ಅದೇ ಕಂಪನಿ ರಿಜ್ತಾ ಎಂಬ ಸ್ಕೂಟರು ತಂದಿತು. ಅಗಲವಾದ ಸೀಟು, ತರಕಾರಿ ಚೀಲ ಇಡಲು ಜಾಗ, ಮನೆ ಮಂದಿಗೆಲ್ಲ ಆಗುವಂಥದ್ದು. ವೇಗದಿಂದ ಶುರುವಾಗಿ ತರಕಾರಿ ಚೀಲಕ್ಕೆ ಬಂದು ನಿಂತರೆ ಅದು ಸರಿಯಾದ ದಾರಿ. ವೇಗದಿಂದ ಶುರುವಾಗಿ ಇನ್ನಷ್ಟು ವೇಗಕ್ಕೆ, ಇನ್ನಷ್ಟು ತೂಕಕ್ಕೆ ಹೋದರೆ ಅದು ದಾರಿ ತಪ್ಪಿದ ಹಾಗೆ.

ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸು ಹತ್ತಿ ನೋಡಿ. ಶಬ್ದವಿಲ್ಲ, ಹೊಗೆಯಿಲ್ಲ. ನಗರದ ದೊಡ್ಡ ಎಲೆಕ್ಟ್ರಿಕ್ ಬಸ್ಸಿನ ಬ್ಯಾಟರಿ ಸಾಮಾನ್ಯವಾಗಿ 200, 300 ಯೂನಿಟ್ಟಿನ ಆಸುಪಾಸು, ಅಂದರೆ ಆ ಒಂದು ಹಮ್ಮರಿನ ಬ್ಯಾಟರಿಗಿಂತ ಬಹಳ ದೊಡ್ಡದೇನಲ್ಲ. ಆದರೆ ಅದು ದಿನಕ್ಕೆ ನೂರಾರು ಜನರನ್ನು ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ಮುಟ್ಟಿಸುತ್ತದೆ. ಅದೇ ಲಿಥಿಯಂ, ಅದೇ ನೆಲದಿಂದ ಬಂದದ್ದು. ಅದನ್ನು ಎಲ್ಲಿ ಇಡುತ್ತೇವೆ ಎನ್ನುವುದೇ ನಮ್ಮ ಮುಂದಿರುವ ಪ್ರಶ್ನೆ.

ಈಗ ಯುಗಾದಿಯ ದಿನ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ.

ವೇಗದ ಎಲೆಕ್ಟ್ರಿಕ್ ಕಾರು ಬಾಗಿಲು ತೆರೆಯಿತು. ಅದಕ್ಕೆ ಕೃತಜ್ಞತೆ ಇರಲಿ. ಆದರೆ ಬಾಗಿಲು ತೆರೆದವರು ಬಾಗಿಲಲ್ಲೇ ಅಡ್ಡ ನಿಂತರೆ ಹಿಂದೆ ಬರುವವರು ಒಳಗೆ ಬರುವುದು ಹೇಗೆ? ಇವತ್ತು ಯಾರಿಗೂ ಎಲೆಕ್ಟ್ರಿಕ್ ಕಾರು ಓಡುತ್ತದೆ ಎಂದು ಸಾಬೀತು ಮಾಡಬೇಕಾಗಿಲ್ಲ. ಸಾಬೀತು ಮಾಡಬೇಕಾಗಿರುವುದು ಬೇರೆ: ಇದು ಅಗ್ಗವಾಗಬಹುದು, ಹಗುರಾಗಬಹುದು, ಬಾಡಿಗೆ ಮನೆಯಲ್ಲಿರುವವರೂ ಚಾರ್ಜ್ ಮಾಡಿಕೊಳ್ಳಬಹುದು ಎಂದು. ಆ ಕೆಲಸಕ್ಕೆ ಮೂರು ಸೆಕೆಂಡಿನ ಓಟದಿಂದ ಏನೂ ಪ್ರಯೋಜನವಿಲ್ಲ.

ನನ್ನ ತಪ್ಪೊಪ್ಪಿಗೆಯನ್ನೂ ಮುಗಿಸಿಬಿಡುತ್ತೇನೆ. ಆ ಹೆಚ್ಚಿನ ವೇಗಕ್ಕಾಗಿ ನಾನು ಹತ್ತು ಸಾವಿರ ಡಾಲರ್ ಹೆಚ್ಚು ಕೊಟ್ಟೆ. ಹೋದ ವರ್ಷ ಪೆಡಲನ್ನು ಪೂರ್ತಿ ಒತ್ತಿದ್ದು ಎಷ್ಟು ಸಲ ಎಂದು ನೆನಪು ಮಾಡಿಕೊಂಡೆ. ಹನ್ನೊಂದು ಸಲ. ಹನ್ನೊಂದು ಸಲವೂ ಊರಿನಿಂದ ಬಂದ ನೆಂಟರಿಗೆ ತೋರಿಸಲು. ನನ್ನ ಭಾವನವರಂತೂ ಸೀಟು ಹಿಡಿದುಕೊಂಡು "ಅಯ್ಯೋ ನಿಲ್ಸಪ್ಪಾ, ತಿಂದ ದೋಸೆ ಮೇಲಕ್ಕೆ ಬರ್ತಿದೆ" ಎಂದರು. ಈ ಕಾರನ್ನು ಮಾರಿ ಇನ್ನೊಂದು ಹೊಸದು ತರುವುದಿಲ್ಲ. ಹಾಗೆ ಮಾಡಿದರೆ ಇನ್ನೊಂದು ಬ್ಯಾಟರಿಯ ಸಾಲ ಸೇರುತ್ತದೆ ಅಷ್ಟೆ. ಇದನ್ನೇ ಮೆಲ್ಲಗೆ, ಬಹಳ ವರ್ಷ ಓಡಿಸುತ್ತೇನೆ.

ಆದರೆ ನೀವು ಇನ್ನೂ ಕೊಂಡಿಲ್ಲ. ನಿಮ್ಮಲ್ಲಿ ಅನೇಕರು ಮುಂದಿನ ಎರಡು ಮೂರು ವರ್ಷದಲ್ಲಿ ಮೊದಲ ಕೆಲಸ, ಮೊದಲ ಸಂಬಳ, ಮೊದಲ ಕಾರು ಎಂದು ಹೊರಡುವವರು. ಆಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಒಂದು, ನನಗೆ ಕಾರು ಬೇಕೇ, ಅಥವಾ ರೈಲು ಮತ್ತು ಒಂದು ಸೈಕಲ್ ಸಾಕೇ? ಎರಡು, ದಿನಕ್ಕೆ ನಾನು ಓಡಾಡುವುದು ಎಷ್ಟು ಮೈಲಿ? ದಿನಕ್ಕೆ ಮೂವತ್ತು ಮೈಲಿ ಓಡಾಡುವವರಿಗೆ ಮುನ್ನೂರು ಮೈಲಿಯ ಬ್ಯಾಟರಿ ಯಾಕೆ? ಮೂರು, ಹಳೆಯದೊಂದು ಚಿಕ್ಕ ಎಲೆಕ್ಟ್ರಿಕ್ ಕಾರು ಸಿಗುತ್ತದೆಯೇ? ಅದರ ಬ್ಯಾಟರಿಯ ಸಾಲ ಆಗಲೇ ತೀರಿರಬಹುದು. ನಾಲ್ಕು, ಹೊಸದೇ ಬೇಕಾದರೆ, ಕಿಟಕಿಗೆ ಅಂಟಿಸಿದ ಸರ್ಕಾರಿ ಚೀಟಿಯಲ್ಲಿ 100 ಮೈಲಿಗೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಎಷ್ಟು ಸೆಕೆಂಡು ಎಂದು ಮಾರುವವನು ಹೇಳುತ್ತಾನೆ, ನೀವು ಎಷ್ಟು ಯೂನಿಟ್ ಎಂದು ಕೇಳಿ. 25ರ ಆಸುಪಾಸು ಇದ್ದರೆ ಒಳ್ಳೆಯದು. 40 ದಾಟಿದರೆ ಯಾಕೆಂದು ಕೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಿಮ್ಮ ಮನೆಯಲ್ಲಿ ಹಣದ ವಿಷಯಕ್ಕೆ ಸಾವಿರ ಸಲ ಕೇಳಿರುತ್ತೀರಿ. ಈ ಭೂಮಿಯೂ ಒಂದು ಹಾಸಿಗೆಯೇ.

1899ರ ಆ ಕಾರಿನ ಹೆಸರು ನೆನಪಿದೆಯೇ? ಎಂದೂ ತೃಪ್ತಿಯಾಗದವಳು. ಓಟದ ಕಾರಿಗೆ ಅದು ಒಳ್ಳೆಯ ಹೆಸರು. ದಾಖಲೆ ಮುರಿಯಲು ಅತೃಪ್ತಿ ಬೇಕು. ಆದರೆ ಬೆಳಿಗ್ಗೆ ಕಾಲೇಜಿಗೆ, ಸಂಜೆ ಮನೆಗೆ ಹೋಗುವ ಕಾರಿಗೆ ಆ ಹೆಸರು ಬೇಡ. ಅದಕ್ಕೆ 'ಸಾಕು' ಎಂದು ಹೆಸರಿಡೋಣ. ನಮ್ಮ ಭಾಷೆಯಲ್ಲಿ ಎಷ್ಟು ಚಿಕ್ಕ ಪದ ನೋಡಿ. ಊಟಕ್ಕೆ ಕುಳಿತಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ನಾವೆಲ್ಲ ಹೇಳುವ ಪದ.

ಅಂದ ಹಾಗೆ, ಮುಂದಿನ ಯುಗಾದಿಗೆ ಆ ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಎರಡೇ ಕಾರಿನಲ್ಲಿ ಬರುತ್ತಾರಂತೆ. ಆ ಹುಡುಗಿಯೇ ಎಲ್ಲರಿಗೂ ಫೋನು ಮಾಡಿ ಒಪ್ಪಿಸಿದ್ದಾಳೆ. ಯಾವ ಹೊಸ ಬ್ಯಾಟರಿಯೂ ಇಲ್ಲದೆ, ಒಂದು ಪೈಸೆ ಖರ್ಚಿಲ್ಲದೆ ಎರಡು ಕಾರು ರಸ್ತೆಯಿಂದ ಇಳಿದವು. ನಾನೂ ಈ ಸಲ ದಾರಿಯಲ್ಲಿ ಸಿಗುವ ಮೂವರನ್ನು ಕೂರಿಸಿಕೊಂಡು ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಪೆಡಲ್ ಒತ್ತುವುದಿಲ್ಲ ಎಂದೂ ಹೇಳಿದ್ದೇನೆ, ಹೋಳಿಗೆಯ ಡಬ್ಬಿ ಹಿಂದಿನ ಸೀಟಿನಲ್ಲಿರುತ್ತದೆ.

ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಈ ಲೆಕ್ಕ ಹೇಗೆ ಬರುತ್ತದೆ, ಮಾಡಿ ನೋಡಿ. ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ ತಿದ್ದಿ. ಮತ್ತೊಂದು ಮಾತಿನೊಂದಿಗೆ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ನಮಸ್ಕಾರ.